ನೆನಪಿನಿಂದ ಅಮೂರ್ತ ಭೂದೃಶ್ಯ: ರಾಮ್ ಕುಮಾರರ ವಾರಾಣಸಿ ತೋರುವ ದಾರಿ

ಶಿಮ್ಲಾದಲ್ಲಿ ಹುಟ್ಟಿದ ಕಲಾವಿದ ರಾಮ್ ಕುಮಾರ್ (1924–2018) ಮೊದಮೊದಲು ನಗರದ ಒಂಟಿ ಮನುಷ್ಯರನ್ನು ಚಿತ್ರಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಇನ್ನೊಬ್ಬ ಕಲಾವಿದ ಎಂ.ಎಫ್. ಹುಸೇನರ ಜೊತೆ ವಾರಾಣಸಿಗೆ ಹೋಗಿಬಂದ ಮೇಲೆ ಅವರ ಕ್ಯಾನ್ವಾಸಿನಿಂದ ಮನುಷ್ಯರು ಮರೆಯಾದರು. ಒತ್ತೊತ್ತಾದ ಮನೆಗಳು, ನದಿ ಉಳಿದವು. ಬರಬರುತ್ತ ಅವೂ ಬಣ್ಣದ ಹಾಸುಗಳಾದವು. ಆ ಚಿತ್ರಗಳನ್ನು ನೋಡಿ ರೂಪಿಸಿಕೊಳ್ಳಬಹುದಾದ ತೈಲವರ್ಣದ ಅಭ್ಯಾಸ ಇದು.

ಜಾಗ ನೋಡಿಬಂದು ಎರಡು ವಾರ ಸುಮ್ಮನಿರಿ. ಫೋಟೋ ತೆಗೆದಿದ್ದರೂ ತೆರೆಯಬೇಡಿ. ಫೋಟೋದಲ್ಲಿ ಪ್ರತಿ ಕಿಟಕಿಗೂ ಒಂದೇ ಬೆಲೆ, ನೆನಪು ಮಾತ್ರ ಆರಿಸಿ ಇಟ್ಟುಕೊಂಡಿರುತ್ತದೆ. ಹಾಳೆಯ ಮೇಲೆ 3×4 ಅಂಗುಲದ ಆರು ಚೌಕಟ್ಟು ಹಾಕಿ, ಒಂದೊಂದಕ್ಕೆ ಎರಡೇ ನಿಮಿಷ ಕೊಟ್ಟು, ಇದ್ದಿಲನ್ನು ಅಡ್ಡ ಹಿಡಿದು ಆ ಜಾಗವನ್ನು ಮೂಡಿಸಿ. ಆರರಲ್ಲೂ ಮತ್ತೆ ಮತ್ತೆ ಬಂದ ಆಕಾರವೇ ಚಿತ್ರದ ಬೆನ್ನೆಲುಬು. ಈ ಹಂತ ಬಿಟ್ಟವರ ಚಿತ್ರ ಬರೀ ಬಣ್ಣದ ತೇಪೆಯಾಗುತ್ತದೆ.

24×30 ಅಂಗುಲದ ಕ್ಯಾನ್ವಾಸಿಗೆ ಗೆಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಡಿಲೇಪ) ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಪೂರ್ತಿ ಬಳಿದುಬಿಡಿ; ಅದರ ಮೇಲೆ ದೊಡ್ಡ ಆಕಾರಗಳನ್ನಷ್ಟೇ ಗುರುತಿಸಿ. ದಿಗಂತದ ಗೆರೆಯನ್ನು ನಟ್ಟನಡುವೆ ಎಳೆದರೆ ಚಿತ್ರ ಪೋಸ್ಟ್‌ಕಾರ್ಡಿನಂತಾಗುತ್ತದೆ. ಮೇಲಿನ ಕಾಲು ಭಾಗಕ್ಕೆ ಸರಿಸಿ, ಇಲ್ಲವೇ ತೆಗೆದೇಬಿಡಿ.

ಬಣ್ಣ ನಾಲ್ಕೇ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಟೈಟಾನಿಯಂ ಬಿಳಿ. ನೀಲಿ ಮತ್ತು ಅಂಬರ್ ಸಮಸಮ ಬೆರೆಸಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ. ಅದಕ್ಕೆ ಬಿಳಿ ಸೇರಿಸಿ ಬೂದು ಮಾಡಿಕೊಳ್ಳಿ. ನೀಲಿ ಹೆಚ್ಚಾದರೆ ನದಿಯ ತಣ್ಣನೆ ಬೂದು, ಅಂಬರ್ ಹೆಚ್ಚಾದರೆ ಹಳೇ ಗೋಡೆಯ ಬೆಚ್ಚನೆ ಬೂದು. ಟ್ಯೂಬಿನಲ್ಲಿ ಸಿಗುವ ಕಪ್ಪು, ಐವರಿ ಬ್ಲ್ಯಾಕ್, ಅಡಿಪದರಕ್ಕೆ ಬೇಡ. ಅದು ನಿಧಾನಕ್ಕೆ ಒಣಗುತ್ತದೆ, ಬೇಗ ಒಣಗುವ ಅಂಬರ್ ಅದರ ಮೇಲೆ ಕೂತರೆ ಬಿರುಕು ಬಿಡುತ್ತದೆ. ಅದೇ ಕಾರಣಕ್ಕೆ, ಅಡಿಯದು ಮೊದಲು ಒಣಗಲೆಂದು, ಮೊದಲ ಪದರಕ್ಕೆ ಟರ್ಪೆಂಟೈನ್, ಮೇಲಿನವಕ್ಕೆ ಹಂತಹಂತವಾಗಿ ಅಗಸೆ ಎಣ್ಣೆ.

ಕುತ್ತಿಗೆ ಬಾಗಿದ ಪ್ಯಾಲೆಟ್ ನೈಫಿನಲ್ಲಿ (ಬಣ್ಣ ಹಚ್ಚುವ ಮೊಂಡು ಚಾಕು), ಎರಡು ಅಂಗುಲದ ಅಲಗಿನಿಂದ ಬಣ್ಣ ಎಳೆಯಿರಿ. ಒಂದು ಜಾಗದಲ್ಲಿ ಎರಡು ಎಳೆತ, ಅಷ್ಟೇ. ಮೂರನೆಯದಕ್ಕೆ ಬಣ್ಣಗಳು ಕಲೆತು ರಾಡಿಯಾಗುತ್ತವೆ. ರಾಡಿಯಾದರೆ ಮೇಲೆ ಇನ್ನಷ್ಟು ಮೆತ್ತಬೇಡಿ, ಹಸಿಯಿರುವಾಗಲೇ ಕೆರೆದು ತೆಗೆಯಿರಿ. ಕೆರೆದಾಗ ಉಳಿಯುವ ಮಸುಕು ಕಲೆ ಎಷ್ಟೋ ಸಲ ಬಳಿದದ್ದಕ್ಕಿಂತ ಚೆನ್ನಾಗಿರುತ್ತದೆ, ಮುಟ್ಟದೆ ಬಿಡಿ. ಆಗಾಗ ಕಣ್ಣು ಕಿರಿದು ಮಾಡಿ ನೋಡಿ: ಎಲ್ಲವೂ ಒಂದೇ ಬೂದಾಗಿ ಕಂಡರೆ ತೀರಾ ಗಾಢವಾದ ಒಂದು ಜಾಗ, ತೀರಾ ಬೆಳಕಿನ ಒಂದು ಜಾಗ ಬೇಕು.

ಕೊನೆಯಲ್ಲಿ ಒಂದು ದೋಣಿ, ಒಂದು ಬಾಗಿಲು ಇಡೋಣ ಅನ್ನಿಸುತ್ತದೆ. ಇಟ್ಟ ಕೂಡಲೇ ನೋಡುವವರ ಕಣ್ಣು ಅಲ್ಲೇ ನಿಂತು, ಉಳಿದ ಬಣ್ಣವೆಲ್ಲ ಬರೀ ಹಿನ್ನೆಲೆಯಾಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ನೀರಿನಲ್ಲಿ ಅದ್ದಿಡಿ. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ, ದಪ್ಪ ಬಳಿದಿದ್ದರೆ ಒಂದು ವರ್ಷ.