ಮುಳುಗಿದ ಕಾಡನ್ನು ಗುರುತಿಸುವುದು ಹೇಗೆ: ಕೋಲಾರದ ಕೆರೆಯಲ್ಲಿ ಕಲಿತು ಕಡಲಿಗೆ ಹೋಗಿ

ಕೋಲಾರಕ್ಕೂ ಕಡಲಿಗೂ ಬಹಳ ದೂರ. ಆದರೂ ಕಡಲಂಚಿನಲ್ಲಿ ಮುಳುಗಿದ ಹಳೆಯ ಕಾಡನ್ನು ಗುರುತಿಸಲು ಕಲಿಯಬೇಕಾದರೆ ಮೊದಲು ನಮ್ಮ ಕೆರೆಗೆ ಇಳಿಯಿರಿ. ನಾನು ಮರಗೆಲಸದವನು, ಮರ ನೋಡುವುದೇ ನನ್ನ ಬದುಕು. ಇಲ್ಲಿ ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ಜಾಲಿ ಬೆಳೆದು ಕಾಡಾಗಿತ್ತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧ ಮಾಡಿದ ಕೊಳಚೆ ನೀರು, ಈ ಕೆರೆಗಳಿಗೆ ಬರತೊಡಗಿತು. ಎಷ್ಟೋ ಜಾಲಿ ಮರಗಳು ನಿಂತ ಹಾಗೇ ನೀರಲ್ಲಿ ಸತ್ತವು.

ಕಡಲಂಚಿನಲ್ಲೂ ಹೀಗೇ ಆಗಿದ್ದು, ತುಂಬಾ ನಿಧಾನವಾಗಿ. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿತು, ನೀರು ಏರಿತು. ದಡದ ಕಾಡು ಮೊದಲು ಜೌಗಾಯಿತು, ಆಮೇಲೆ ಕೆಸರಿನಡಿ ಸೇರಿತು. ಅಲ್ಲಿ ಗಾಳಿಯಾಡದ್ದರಿಂದ ಮರ ಉಳಿಯಿತು. ಬ್ರಿಟನ್ನಿನ ವೇಲ್ಸ್‌ನ ಬೋರ್ತ್ ಕಡಲತೀರದಲ್ಲಿ 2014ರ ಬಿರುಗಾಳಿ ಮರಳನ್ನು ಎಳೆದೊಯ್ದಾಗ ಓಕ್, ಪೈನ್ ಮರಗಳ ಬೊಡ್ಡೆಗಳು ಸಾಲಾಗಿ ಎದ್ದು ಕಂಡವು. ಅವು 4,500ರಿಂದ 6,000 ವರ್ಷ ಹಳೆಯವು. ಅಷ್ಟು ದೂರವೂ ಬೇಡ. 1870ರ ದಶಕದಲ್ಲಿ ಮುಂಬೈಯಲ್ಲಿ ಪ್ರಿನ್ಸಸ್ ಡಾಕ್ ಅಗೆಯುವಾಗ ಕೆಸರಿನಡಿ ಒಂದು ಕಾಡೇ ಸಿಕ್ಕಿತು. ಹೆಚ್ಚಿನವು ಕಾಚಿನ ಮರ, ಅಂದರೆ ನಮ್ಮ ಕಗ್ಗಲಿ. ಜಾಲಿಯ ನೆಂಟನೇ.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕೆರೆಯ ಬೊಡ್ಡೆಗಳ ಹತ್ತಿರ ಹೋಗಿ. ಮೊದಲು ನೋಡಬೇಕಾದ್ದು ಬೇರು. ಇದೊಂದನ್ನು ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಬೇರು ಸುತ್ತಲೂ ಹರಡಿ ನೆಲ ಕಚ್ಚಿದ್ದರೆ ಮರ ಅಲ್ಲೇ ಬೆಳೆದದ್ದು. ಬೇರು ಮುರಿದು, ಬೊಡ್ಡೆ ಒಂದು ಕಡೆ ವಾಲಿ, ಕೆಳಗೂ ಹೂಳೇ ಇದ್ದರೆ ಅದು ತೇಲಿ ಬಂದದ್ದಿರಬಹುದು. ಮಣ್ಣನ್ನೂ ನೋಡಿ. ಬೇರು ಹಿಡಿದಿರುವುದು ಹಳೆಯ ಗಟ್ಟಿ ನೆಲ, ಮೇಲೆ ಕೂತಿರುವುದು ಹೊಸ ನುಣುಪು ಹೂಳು. ಎರಡರ ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ಬೋರ್ತ್‌ನಂಥ ಕಡೆ ಆ ಜಾಗದಲ್ಲಿ ಪೀಟ್ ಇರುತ್ತದೆ, ಪೂರ್ತಿ ಕೊಳೆಯದ ಸೊಪ್ಪು, ಬೇರುಗಳ ಕಪ್ಪು ಪದರ. ಮೀನು ಹಿಡಿಯುವವರು ಹೂತ ಗೂಟ ಚೂಪಾಗಿರುತ್ತದೆ, ಬೇರೇ ಇರುವುದಿಲ್ಲ. ಅದನ್ನು ಮರ ಅಂದುಕೊಳ್ಳಬೇಡಿ.

ಆಮೇಲೆ ಕೊಡಲಿ ಗುರುತು. ಕೊಡಲಿ ಏಟು ಓರೆಯಾದ ನಯವಾದ ಮುಖ ಬಿಡುತ್ತದೆ. ತಾನಾಗಿ ಮುರಿದ ಮರ ಸಿಗುರು ಸಿಗುರಾಗಿರುತ್ತದೆ. ಬಾಯಿ ಸ್ವಲ್ಪ ಮುಕ್ಕಾದ ಕೊಡಲಿ ಪ್ರತಿ ಏಟಿಗೂ ಅದೇ ಗೀರು ಬಿಡುತ್ತದೆ, ಬಡಗಿಗಳಿಗೆ ಇದು ಗೊತ್ತು. ಇಂಗ್ಲೆಂಡಿನ ಹೋಮ್ ಕಡಲತೀರದಲ್ಲಿ 1998ರಲ್ಲಿ ಓಕ್ ಕಂಬಗಳ ಒಂದು ವೃತ್ತ ಸಿಕ್ಕಿತು. ನಡುವೆ ತಲೆಕೆಳಗಾಗಿ ನೆಟ್ಟ ದೊಡ್ಡ ಬೊಡ್ಡೆ. ಏಟಿನ ಗುರುತು ಹೋಲಿಸಿಯೇ ಕನಿಷ್ಠ 50 ಕಂಚಿನ ಕೊಡಲಿಗಳು ಕೆಲಸ ಮಾಡಿವೆ ಅಂತ ಕಂಡುಕೊಂಡರು. ಮರದೊಳಗಿನ ವರ್ಷದ ಉಂಗುರಗಳನ್ನು ಹೋಲಿಸಿ ನೋಡಿ ಮರ ಕಡಿದದ್ದು ಕ್ರಿ.ಪೂ. 2049ರಲ್ಲಿ ಅಂದರು. ಅಷ್ಟು ಹಳೆಯ ಕೆಲಸಗಾರರ ಕೈ ಇವತ್ತಿಗೂ ಓದಲು ಸಿಗುತ್ತದಲ್ಲಾ, ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕಡಲಿಗೆ ಹೋಗುವಾಗ ನಮ್ಮ ಕಡೆಯವರಿಗೆ ಗೊತ್ತಿರದ್ದು ಇಳಿತದ ಲೆಕ್ಕ, ಅಂದರೆ ಕಡಲ ನೀರು ದಡದಿಂದ ಹಿಂದೆ ಸರಿಯುವ ಹೊತ್ತಿನದು. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನ ನೀರು ಜಾಸ್ತಿ ಇಳಿಯುತ್ತದೆ. ಒಂದು ಇಳಿತಕ್ಕೂ ಮುಂದಿನದಕ್ಕೂ ಸುಮಾರು ಹನ್ನೆರಡೂವರೆ ಗಂಟೆ. ಇಳಿತಕ್ಕೆ ಎರಡು ಗಂಟೆ ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ವಾಪಸ್ ಹೊರಡಿ. ಊರಿನ ಮೀನುಗಾರರನ್ನು ಕೇಳದೆ ಇಳಿಯಬೇಡಿ. ಬಲೆಗೆ ಸಿಕ್ಕಿಕೊಳ್ಳುವ ಮರ ಎಲ್ಲಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕೆಸರಿನ ಮೇಲೆ ಸುಮ್ನೆ ಓಡಾಡಬೇಡಿ. ಬ್ರಿಟನ್ನಿನ ಸೆವರ್ನ್ ನದಿಯ ಅಳಿವೆಯಲ್ಲಿ, ಗೋಲ್ಡ್‌ಕ್ಲಿಫ್ ಹತ್ತಿರ, 7,000 ವರ್ಷಕ್ಕೂ ಹಳೆಯ ಹೆಜ್ಜೆ ಗುರುತುಗಳು ಸಿಕ್ಕಿವೆ. ಅದರಲ್ಲಿ ಮಕ್ಕಳದ್ದೂ ಇವೆ. ಒಂದು ಬೂಟು ಬಿದ್ದರೆ ಅಂಥದ್ದು ಹೋಯಿತು.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಟೇಪು ಬಿಚ್ಚಿಡಿ. ಬೊಡ್ಡೆಯ ಸುತ್ತಳತೆ, ಬಿದ್ದ ಮರ ಯಾವ ದಿಕ್ಕಿಗೆ ಮಲಗಿದೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ, ಎಲ್ಲ ಬರೆದುಕೊಳ್ಳಿ. ಫೋನಿನಲ್ಲಿ ಜಾಗದ ಗುರುತನ್ನೂ ಉಳಿಸಿ.

ಕೀಳಬೇಡಿ, ದಯವಿಟ್ಟು. ನೀರು ಕುಡಿದು ಸಾವಿರಾರು ವರ್ಷ ಇದ್ದ ಮರ ಮುಟ್ಟಿದರೆ ಗಟ್ಟಿ ಅನ್ನಿಸಬಹುದು, ಒಳಗೆ ಅದನ್ನು ಹಿಡಿದಿರುವುದು ನೀರೇ. ಬಿಸಿಲಿಗಿಟ್ಟರೆ ಸೀಳುತ್ತದೆ, ಸೊಟ್ಟಗಾಗುತ್ತದೆ, ಆಮೇಲೆ ಯಾರೂ ಸರಿ ಮಾಡಲಾರರು. ಅಲೆಗೆ ಕಿತ್ತು ಬಿದ್ದ ತುಂಡು ಸಿಕ್ಕರೆ ಅದೇ ಜಾಗದ ನೀರು, ಕೆಸರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ನೆರಳಲ್ಲಿ ತಂಪಾಗಿಡಿ. ಎಣ್ಣೆ, ವಾರ್ನಿಷ್, ಫೆವಿಕಾಲ್ ಏನೂ ಹಚ್ಚಬೇಡಿ. ಹಚ್ಚಿದರೆ ಇಂಗಾಲದ ಪರೀಕ್ಷೆಯಲ್ಲಿ ವಯಸ್ಸು ತಪ್ಪಾಗಿ ಬರಬಹುದು.

ಕರ್ನಾಟಕದಲ್ಲಾದರೆ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ಬಲ್ಲವರಿದ್ದಾರೆ, ಅವರಿಗೂ ಒಂದು ಪ್ರತಿ ಕಳಿಸಿ. ಜಾಗ, ದಿನ, ಇಳಿತದ ಹೊತ್ತು, ಅಳತೆ, ಫೋಟೋ ಇಷ್ಟು ಸಾಕು. ಬೇರಿನ ಫೋಟೋ ಮಾತ್ರ ಬಿಡಬೇಡಿ, ಅವರು ಮೊದಲು ಕೇಳುವುದು ಅದನ್ನೇ.