ಆ ಐದು ನಿಮಿಷ ನೀವೆಲ್ಲಿದ್ದಿರಿ? ಅಭಿಮಾನಿಗಳ ನೆನಪು ಬರೆದಿಡುವ ಬಗೆ

‘ಕರ್ನಾಟಕದ ಮ್ಯಾಂಚೆಸ್ಟರ್’ ಅಂದರೆ ದಾವಣಗೆರೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿ ಬೆಳೆದವನು ನಾನು. ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. 1998ರಲ್ಲಿ ಜವಳಿ ವಿಷಯವನ್ನೇ ಓದಲು ಅಸಲಿ ಮ್ಯಾಂಚೆಸ್ಟರಿಗೆ ಬಂದೆ. ರಶೋಮ್ ಬಡಾವಣೆಯಲ್ಲಿ ಮಹಡಿ ಮೇಲೆ ಒಂದು ಕೋಣೆ ಸಿಕ್ಕಿತು. ಮನೆ ಮಾಲೀಕರು ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ತಂಡದ ಅಭಿಮಾನಿ, ಅವರಪ್ಪನೂ ಅದೇ. ಸಿಟಿ ಆಗ ಆಡುತ್ತಿದ್ದ ಮೇನ್ ರೋಡ್ ಮೈದಾನ ನಡೆದು ಹೋಗುವಷ್ಟು ಹತ್ತಿರ. ಗೋಲಾದರೆ ನನ್ನ ಕಿಟಕಿಗೆ ಕೇಳುತ್ತಿತ್ತು. ಫುಟ್‌ಬಾಲ್ ನನಗೆ ಹಿಡಿದದ್ದು ಹಾಗೆ, ಕಿವಿಯಿಂದ.

1999ರ ಮೇ 30ರಂದು ಸಿಟಿಯ ಪಂದ್ಯ ನೋಡಲು ಆ ಮಾಲೀಕರ ಜೊತೆ ನಾನೂ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿದ್ದೆ. ಕಳೆದ ಎರಡು ಚಳಿಗಾಲಗಳಲ್ಲಿ, ಅಂದು ಅಲ್ಲಿದ್ದ ಹದಿನಾಲ್ಕು ಜನರನ್ನು ಕೂರಿಸಿಕೊಂಡು ಅವರ ನೆನಪುಗಳನ್ನು ಧ್ವನಿಮುದ್ರಿಸಿ ಬರೆದಿಟ್ಟಿದ್ದೇನೆ. ಮೊದಲ ನಾಲ್ಕೈದು ಸಲ ತಪ್ಪು ಮಾಡಿದೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಆ ತಪ್ಪುಗಳು ಮರುಕಳಿಸದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾರನ್ನಾದರೂ ಕೇಳುವ ಮೊದಲು ಪಂದ್ಯದ ಎಲುಬುಗೂಡನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ನನ್ನ ಹಾಳೆ ಹೀಗಿದೆ. ಸಿಟಿ 1998ರಲ್ಲಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಇಂಗ್ಲೆಂಡಿನ ಲೀಗಿನ ಮೂರನೇ ದರ್ಜೆಗೆ ಇಳಿಯಿತು. ಆ ಡಿಸೆಂಬರಿನಲ್ಲಿ ಯಾರ್ಕ್ ಎದುರು 2–1ರಿಂದ ಸೋತು 12ನೇ ಸ್ಥಾನ. ಅಲ್ಲಿಂದ ಎದ್ದು ಋತುವಿನ ಕೊನೆಗೆ 3ನೇ ಸ್ಥಾನ. ಮೊದಲೆರಡು ಸ್ಥಾನದ ಫುಲ್ಹಾಮ್, ವಾಲ್ಸಾಲ್‌ಗೆ ನೇರ ಬಡ್ತಿ. ಉಳಿದ ಒಂದೇ ಜಾಗಕ್ಕೆ ನಾಲ್ಕು ತಂಡಗಳ ಪ್ಲೇ-ಆಫ್. ಸೆಮಿಫೈನಲ್‌ನಲ್ಲಿ ಸಿಟಿ ಎದುರು ವಿಗನ್ ಸೋತಿತು. ಫೈನಲ್ ಹಳೇ ವೆಂಬ್ಲಿಯಲ್ಲಿ, 76,935 ಜನರ ಮುಂದೆ. ಎದುರಾಳಿ ಕೆಂಟ್‌ನ ಜಿಲ್ಲಿಂಗಮ್, ಅಲ್ಲಿಯ ತನಕ ಎರಡನೇ ದರ್ಜೆಯನ್ನೇ ಕಾಣದ ತಂಡ. (ಊರಿನವರು ಹೇಳುವುದು ‘ಜಿ’ ಅಂತಲೇ. ‘ಗಿ’ ಅಂದರೆ ಅವರಿಗೆ ನೋವಾಗುತ್ತದೆ, ಮಾತಿಗೆ ಮೊದಲೇ ಮನಸ್ಸು ಮುಚ್ಚಿಕೊಳ್ಳುತ್ತಾರೆ.) 81ನೇ ನಿಮಿಷದಲ್ಲಿ ಕಾರ್ಲ್ ಅಸಾಬಾ, 87ರಲ್ಲಿ ರಾಬರ್ಟ್ ಟೇಲರ್: ಜಿಲ್ಲಿಂಗಮ್ 2–0. 90ನೇ ನಿಮಿಷದಲ್ಲಿ ಸಿಟಿಯ ಕೆವಿನ್ ಹಾರ್ಲಾಕ್. ರೆಫರಿ ಮಾರ್ಕ್ ಹಾಲ್ಸಿ ಕೊಟ್ಟ ಐದು ನಿಮಿಷ ಇಂಜುರಿ ಟೈಮ್‌ನ (ಆಟ ನಿಂತ ಹೊತ್ತಿಗೆ ಬದಲಾಗಿ 90ರ ಮೇಲೆ ಸೇರಿಸುವ ಸಮಯ) ಕೊನೇ ಗಳಿಗೆಯಲ್ಲಿ ಸಿಟಿಯ ಪಾಲ್ ಡಿಕೊವ್. 2–2. ಮುಂದಿನ ಅರ್ಧ ಗಂಟೆಯ ಹೆಚ್ಚುವರಿ ಆಟದಲ್ಲಿ ಗೋಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಸಿಟಿಗೆ 3–1.

ಈ ಹಾಳೆ ನಿಮ್ಮ ಜೇಬಿನಲ್ಲಿರಲಿ, ಮೇಜಿನ ಮೇಲೆ ಬೇಡ. ಮೊದಲ ಸಲ ನಾನು ಮೇಜಿನ ಮೇಲಿಟ್ಟಿದ್ದೆ. ಎದುರು ಕೂತ ಹೆಂಗಸು ಮಾತಾಡುತ್ತಲೇ ಅದನ್ನು ತಲೆಕೆಳಗಾಗಿ ಓದಲು ಶುರುಮಾಡಿದರು, ಆಮೇಲೆ ಹೇಳಿದ್ದೆಲ್ಲ ಆ ಹಾಳೆಯದೇ.

ಇನ್ನು ಪ್ರಶ್ನೆ. ‘ಡಿಕೊವ್ ಗೋಲು ನೆನಪಿದೆಯಾ?’ ಅಂತ ಎಂದೂ ಶುರುಮಾಡಬೇಡಿ. ಆ ಗೋಲನ್ನು ಎಲ್ಲರೂ ಟಿವಿಯಲ್ಲಿ ನೂರು ಸಲ ನೋಡಿದ್ದಾರೆ, ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ಬೆಳಗಿನಿಂದ ಶುರುಮಾಡಿ. ಎಷ್ಟು ಹೊತ್ತಿಗೆ ಎದ್ದಿರಿ, ಟಿಕೆಟ್ ಯಾವ ಜೇಬಿನಲ್ಲಿತ್ತು, ಬಸ್ಸಿನಲ್ಲಿ ಪಕ್ಕ ಯಾರಿದ್ದರು, ಏನು ತಿಂದಿರಿ. ತಿಂಡಿಯ ಪ್ರಶ್ನೆ ಬಿಡಲೇಬೇಡಿ. ನಾನು ಅಂದು ವಿಲ್ಮ್ಸ್‌ಲೋ ರಸ್ತೆಯ ಅಂಗಡಿಯಿಂದ ತಂದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿ ಡಬ್ಬಿಯಲ್ಲಿ ಒಯ್ದಿದ್ದೆ. ನನಗೇ ಅದು ಮರೆತುಹೋಗಿತ್ತು. ಮಾಲೀಕರಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ತಿಂಡಿ ಅಂದದ್ದೇ ತಡ, ‘ನಿನ್ನ ಆ ಗರಿಗರಿ ಅಕ್ಕಿ! ಬಸ್ಸಿನ ತುಂಬಾ ಚೆಲ್ಲಿದ್ದೆ’ ಅಂದರು. ಅಲ್ಲಿಂದ ಬಸ್ಸಿನ ಹಿಂದಿನ ಸೀಟು, ಅಲ್ಲಿ ಮಲಗಿದ್ದ ಹುಡುಗ, ಅವನ ಕೊರಳಿನ ಸ್ಕಾರ್ಫು ಎಲ್ಲ ಒಂದರ ಹಿಂದೊಂದು ಬಂದವು.

ಕಾಲ ಗೊತ್ತುಮಾಡಲು ಒಂದು ಗೂಟ ಬೇಕು. ಈ ಪಂದ್ಯದ ಮಟ್ಟಿಗೆ ಆ ಗೂಟ ಅದೇ ವಾರದ ಬುಧವಾರ. ಮೇ 26ರಂದು ಬಾರ್ಸಿಲೋನಾದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಂಜುರಿ ಟೈಮ್‌ನಲ್ಲಿ ಎರಡು ಗೋಲು ಹೊಡೆದು ಬಯರ್ನ್ ಮ್ಯೂನಿಕ್ಕನ್ನು ಸೋಲಿಸಿ ಯುರೋಪಿನ ಚಾಂಪಿಯನ್ ಆಗಿತ್ತು. ಒಂದೇ ಊರು, ಅರ್ಧ ಊರಿಗೆ ಯುರೋಪು, ಇನ್ನರ್ಧಕ್ಕೆ ಮೂರನೇ ದರ್ಜೆಯಿಂದ ಮೇಲೇಳುವ ಹೋರಾಟ. ‘ಬುಧವಾರ ರಾತ್ರಿ ಎಲ್ಲಿದ್ದಿರಿ?’ ಅಂತ ಕೇಳಿದರೆ ಸಿಟಿ ಅಭಿಮಾನಿಗಳಿಗೆ ಆ ಇಡೀ ವಾರ ತೆರೆದುಕೊಳ್ಳುತ್ತದೆ. ಒಬ್ಬರು ಪರದೆ ಎಳೆದು ಬೇಗ ಮಲಗಿದ್ದರಂತೆ, ಬೀದಿಯ ಕಾರುಗಳ ಹಾರ್ನ್ ಕೇಳಿಯೇ ಫಲಿತಾಂಶ ಗೊತ್ತಾಯಿತಂತೆ.

ಎಲ್ಲಕ್ಕಿಂತ ಕಷ್ಟದ ಭಾಗ, ಕಣ್ಣಿಂದ ಕಂಡದ್ದನ್ನೂ ಆಮೇಲೆ ಪರದೆಯಲ್ಲಿ ನೋಡಿದ್ದನ್ನೂ ಬೇರೆಮಾಡುವುದು. ಇದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ.

ಟೇಲರ್ ಎರಡನೇ ಗೋಲು ಹೊಡೆದಾಗ ನಮ್ಮ ಸುತ್ತ ಸೀಟುಗಳು ಪಟಪಟ ಮಡಚಿಕೊಂಡವು. ಜನ ಹೊರಟರು. ನಾವೂ ಎದ್ದೆವು. ಮೆಟ್ಟಿಲಿಳಿದು ಕೆಳಗಿನ ಮೊಗಸಾಲೆಗೆ ಬರುವಾಗ ತಲೆಯ ಮೇಲೆ ಒಂದು ಸದ್ದಾಯಿತು. ಮೂರನೆಯದೂ ಬಿತ್ತು ಅಂದುಕೊಂಡೆ. ಅಷ್ಟರಲ್ಲಿ ಮುಂದೆ ಹೋಗಿದ್ದವರು ತಿರುಗಿ ನಮ್ಮ ಕಡೆಗೇ ಓಡಿಬರತೊಡಗಿದರು. ಯಾರೋ ‘ಹಾರ್ಲಾಕ್’ ಅಂದರು. ನಾವೂ ಓಡಿದೆವು. ಮೆಟ್ಟಿಲಿನ ಬಾಯಿಯಲ್ಲಿ ಜನ ಕಿಕ್ಕಿರಿದುಹೋಗಿತ್ತು. ನನ್ನ ಮುಂದೆ ಕಂದು ಜಾಕೆಟ್ಟಿನ ಅಗಲ ಬೆನ್ನು, ಅದರ ಹೊಲಿಗೆ ಭುಜದ ಹತ್ತಿರ ಬಿಟ್ಟಿತ್ತು. ಡಿಕೊವ್ ಗೋಲು ಹೊಡೆದ ಗಳಿಗೆಯಲ್ಲಿ ನಾನು ಕಂಡದ್ದು ಆ ಬಿಟ್ಟ ಹೊಲಿಗೆ. ಅದು ಮೇಲಕ್ಕೆ ಎದ್ದಿತು, ಅಷ್ಟೇ. ಮರುಗಳಿಗೆಗೆ ಯಾರ ತೋಳೋ ನನ್ನ ಕುತ್ತಿಗೆಯಲ್ಲಿತ್ತು.

ಆದರೆ ಹತ್ತು ವರ್ಷಕ್ಕೂ ಮೀರಿ ನಾನು ಎಲ್ಲರಿಗೂ ಹೇಳುತ್ತಾ ಬಂದದ್ದು ಬೇರೆ: ಶಾನ್ ಗೋಟರ್ ಕಾಲಿನಿಂದ ಚೆಂಡು ಸಿಡಿದು ಡಿಕೊವ್‌ಗೆ ಸಿಕ್ಕಿತು, ಅವನು ಮೇಲಿನ ಮೂಲೆಗೆ ಬಾರಿಸಿದ, ಮೊಣಕಾಲೂರಿ ಜಾರಿದ, ಕಣ್ಣಾರೆ ಕಂಡೆ ಅಂತ. ಸುಳ್ಳು ಹೇಳುವ ಮನಸ್ಸು ನನಗಿರಲಿಲ್ಲ, ನಿಜವಾಗಿಯೂ ಕಂಡೆ ಅಂತಲೇ ನಂಬಿದ್ದೆ. ಆ ಚಿತ್ರ ಬಂದದ್ದು ವಿಡಿಯೋ ಕ್ಯಾಸೆಟ್ಟಿನಿಂದ. ಹೊಲಿಗೆ ಬಿಟ್ಟ ಜಾಕೆಟ್ಟು ಮಾತ್ರ ನನ್ನದು, ಯಾವ ಕ್ಯಾಮೆರಾದಲ್ಲೂ ಅದಿಲ್ಲ.

ಹಾಗಾಗಿ ಯಾರಾದರೂ ಗೋಲನ್ನು ವರ್ಣಿಸಿದರೆ ಮೆಲ್ಲಗೆ ಇವಿಷ್ಟು ಕೇಳಿ. ನೀವು ಕೂತಲ್ಲಿಂದ ಗೋಲ್‌ಪೋಸ್ಟ್ ಹತ್ತಿರವಿತ್ತೋ ದೂರವಿತ್ತೋ? ಚೆಂಡು ನಿಮ್ಮ ಕಡೆಗೆ ಬಂತೋ ನಿಮ್ಮಿಂದ ಆಚೆ ಹೋಯಿತೋ? ಮುಂದೆ ನಿಂತವರ ತಲೆ ಅಡ್ಡ ಬಂತಾ? ಮುಂದೆ ಯಾರ ತಲೆಯೂ ಇಲ್ಲದೆ, ಆಟಗಾರನ ಮುಖ ಸ್ಪಷ್ಟವಾಗಿ ಕಂಡ ನೆನಪು ಬಹುಮಟ್ಟಿಗೆ ಟಿವಿಯದು. ಅಂಗಿಯ ಬಣ್ಣವನ್ನೂ ಕೇಳಿ. ಸಿಟಿ ಅಂದರೆ ಆಕಾಶನೀಲಿ, ಆದರೆ ಅಂದು ತೊಟ್ಟದ್ದು ಕಣ್ಣು ಕುಕ್ಕುವ ಹಳದಿ ಮತ್ತು ಕಡುನೀಲಿ ಪಟ್ಟೆ. ನನ್ನ ಹದಿನಾಲ್ಕು ಜನರಲ್ಲಿ ಮೂವರು ‘ಆಕಾಶನೀಲಿ’ ಅಂದರು. ಕಿರಿಯರಿಗೆ ಇನ್ನೊಂದು ಗೋಜಲಿದೆ. 2012ರ ಮೇ 13ರಂದು ಅಗ್ವೆರೊ ಇಂಜುರಿ ಟೈಮ್‌ನಲ್ಲಿ ಗೋಲು ಹೊಡೆದು ಸಿಟಿಗೆ ಲೀಗ್ ಗೆದ್ದುಕೊಟ್ಟ. ಆ ಎರಡು ದಿನಗಳ ಅಳು, ಅಪ್ಪುಗೆ ಒಂದರೊಳಗೊಂದು ಬೆರೆತಿರುತ್ತವೆ.

ಬೆರೆತಿದೆ ಅಂತ ಗೊತ್ತಾದರೂ ಆಗಲೇ ತಿದ್ದಬೇಡಿ. ‘ಅಲ್ಲ, ಅಂದು ಹಳದಿ ಅಂಗಿ’ ಅಂತ ನಾನು ಒಬ್ಬರಿಗೆ ಹೇಳಿಬಿಟ್ಟೆ. ಪಾಪ, ಅವರು ಆಮೇಲೆ ಪ್ರತಿ ಮಾತಿಗೂ ‘ಸರಿ ಇದೆಯಾ?’ ಅಂತ ನನ್ನ ಮುಖ ನೋಡತೊಡಗಿದರು. ಆ ಬೆರೆತ ಮಾತು ಧ್ವನಿಮುದ್ರಣದಲ್ಲಿ ಎಷ್ಟನೇ ನಿಮಿಷಕ್ಕೆ ಬಂತು ಅಂತ ಮಾತ್ರ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಹಾಳೆಯ ಜೊತೆ ತಾಳೆ ನೋಡಿ. ಬರೆಯುವಾಗ ಅವರ ಮಾತನ್ನು ಹಾಗೇ ಬಿಟ್ಟು, ನಿಜ ಸಂಗತಿಯನ್ನು ಬೇರೆ ಸಾಲಿನಲ್ಲಿ ಸೇರಿಸಿ.

ಪೆನಾಲ್ಟಿಗಳ ಭಾಗಕ್ಕೆ ಹೆಚ್ಚು ಹೊತ್ತು ಬೇಡ, ಅಲ್ಲಿ ಎಲ್ಲರೂ ಒಂದೇ ಹೇಳುತ್ತಾರೆ. ಡಿಕೊವ್ ಹೊಡೆದ ಪೆನಾಲ್ಟಿ ಎರಡೂ ಕಂಬಕ್ಕೆ ಬಡಿದು ಹೊರಗೆ ಬಂತು. ಜಿಲ್ಲಿಂಗಮ್‌ನ ಗೈ ಬಟರ್ಸ್ ಹೊಡೆತವನ್ನು ತಡೆದ ಸಿಟಿಯ ಗೋಲ್‌ಕೀಪರ್, ಇಪ್ಪತ್ತರ ಹುಡುಗ ನಿಕಿ ವೀವರ್ ಮೈದಾನದ ತುಂಬಾ ಹುಚ್ಚೆದ್ದು ಓಡಿದ, ಸಹ ಆಟಗಾರರು ಅಟ್ಟಿಸಿಕೊಂಡು ಹೋಗಿ ಹಿಡಿದರು. ವೀವರ್ ಅಂದರೆ ನೇಕಾರ. ಗಿರಣಿ ಊರಿನವನಾದ ನನಗೆ ಆ ಹೆಸರಿನ ಮೇಲೆ ಇವತ್ತಿಗೂ ವಿಶೇಷ ಪ್ರೀತಿ.

ಸೋತವರ ಹತ್ತಿರ ಹೋಗದೆ ಈ ಕೆಲಸ ಮುಗಿಸಬೇಡಿ. ಜಿಲ್ಲಿಂಗಮ್‌ನ ಒಬ್ಬ ಹಿರಿಯರು ಫೋನಿನಲ್ಲಿ ಸಿಕ್ಕಿದರು. ನಾನು ಸಿಟಿಯವನು ಅಂತ ಮೊದಲೇ ಹೇಳಿದೆ, ಮುಚ್ಚಿಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ‘ಅಸಾಬಾ ಗೋಲಿನ ಬಗ್ಗೆ ಹೇಳಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ‘ಸಿಟಿಯವರು ಯಾರೂ ಇದನ್ನು ಕೇಳಿಲ್ಲ’ ಅಂದು ಇಪ್ಪತ್ತು ನಿಮಿಷ ಅದೊಂದನ್ನೇ ಹೇಳಿದರು. 81ನೇ ನಿಮಿಷದಿಂದ 90ರವರೆಗೆ ಅವರು ಬದುಕಿದ ಆ ಒಂಬತ್ತು ನಿಮಿಷ ನಮ್ಮ ಕಡೆಯವರ ಯಾವ ಕತೆಯಲ್ಲೂ ಇಲ್ಲ. ಡಿಕೊವ್ ಗೋಲು ಬಿಟ್ಟುಕೊಟ್ಟ ಅವರ ಗೋಲ್‌ಕೀಪರ್ ವಿನ್ಸ್ ಬಾರ್ಟ್ರಮ್, ಡಿಕೊವ್ ಮದುವೆಯಲ್ಲಿ ಅವನ ಪಕ್ಕ ನಿಂತ ಆಪ್ತ ಗೆಳೆಯ. ಅದನ್ನು ಹೇಳುವಾಗ ಆ ಹಿರಿಯರ ದನಿ ಇಳಿಯಿತು. ಮುಂದಿನ ವರ್ಷದ ಮಾತು ಬಂದಾಗ ಮತ್ತೆ ಏರಿತು. 2000ದ ಮೇನಲ್ಲಿ ಜಿಲ್ಲಿಂಗಮ್ ಮತ್ತೆ ವೆಂಬ್ಲಿಗೆ ಬಂದು, ಹೆಚ್ಚುವರಿ ಸಮಯದಲ್ಲಿ 2–1ರಿಂದ ಹಿಂದಿದ್ದು, ವಿಗನ್ನನ್ನು 3–2ರಿಂದ ಸೋಲಿಸಿ ಮೇಲೇರಿತು. ಸಮಗೋಲು ಹೊಡೆದದ್ದು ಹಿಂದಿನ ವರ್ಷ ಪೆನಾಲ್ಟಿ ತಪ್ಪಿದ್ದ ಅದೇ ಬಟರ್ಸ್.

ಧ್ವನಿ ಮುದ್ರಿಸಲು ಫೋನು ಸಾಕು. ಫ್ರಿಜ್ ಇರುವ ಅಡುಗೆಮನೆ ಬೇಡ, ಅದರ ಗುಂಯ್ ಸದ್ದು ಇಡೀ ಮಾತಿನ ಕೆಳಗೆ ಉಳಿದುಬಿಡುತ್ತದೆ. ಫೋನಿನ ಕೆಳಗೆ ಮಡಿಸಿದ ಟವೆಲ್ ಹಾಕಿ. ಹೆಸರು ಹಾಕಬಹುದೇ ಬೇಡವೇ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ, ಎಂಟಕ್ಕೋ ಒಂಬತ್ತಕ್ಕೋ ಅವರೇ ಮುಂದುವರಿಸುತ್ತಾರೆ.

ಬರವಣಿಗೆಗೆ ಬಂದರೆ, ನಾನು ಕನ್ನಡದಲ್ಲೇ ಬರೆಯುತ್ತೇನೆ. ಮ್ಯಾಂಚೆಸ್ಟರಿನ ಗಿರಣಿ ಬೀದಿಗಳ ಇಂಗ್ಲಿಷನ್ನು ಮೊದಲು ಪುಸ್ತಕದ ಕನ್ನಡಕ್ಕೆ ತಂದೆ: ‘ಪಂದ್ಯವು ಮುಗಿದುಹೋಯಿತು, ನಾವು ಹೊರಡೋಣ.’ ಜೀವವೇ ಇಲ್ಲ. ಆಮೇಲೆ ನಮ್ಮೂರ ಮಾತಿನಲ್ಲಿ ಬರೆದೆ: ‘ಮುಗೀತಪಾ, ನಡಿ ಹೋಗಾಣ.’ ಮಾಲೀಕರ ಬಾಯಿ ಅಲ್ಲಿ ಕೇಳಿಸಿತು. ನಿಮ್ಮ ಮನೆಮಾತು ಯಾವ ಸೀಮೆಯದೋ ಅದನ್ನೇ ಬಳಸಿ. ಇದೇ ದಾರಿಯಲ್ಲಿ ಬೆಂಗಳೂರಿನ ಫುಟ್‌ಬಾಲ್ ಬಡಾವಣೆಗಳಾದ ಆಸ್ಟಿನ್ ಟೌನ್, ಗೌತಮಪುರದ ಹಿರಿಯರನ್ನು ಯಾರಾದರೂ ಮಾತಾಡಿಸಬೇಕು ಅನ್ನುವ ಆಸೆ ನನಗಿದೆ. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅಂದು ಆ ಗಲ್ಲಿಗಳಲ್ಲಿ ಯಾರು ಎಲ್ಲಿ ಕೂತು ನೋಡಿದರು ಅನ್ನುವುದು ಇನ್ನೂ ಹಸಿಯಾಗಿರುವಾಗಲೇ ಬರೆದಿಡಬೇಕು.

ಕೊನೆಗೊಂದು ಮಾತು. ‘ಥ್ಯಾಂಕ್ಸ್’ ಹೇಳಿದ ತಕ್ಷಣ ಫೋನು ಆರಿಸಬೇಡಿ. ಧ್ವನಿಮುದ್ರಣ ಇನ್ನೂ ನಡೀತಿದೆ ಅಂತ ಅವರಿಗೆ ತಿಳಿಸಿ, ಬಾಗಿಲವರೆಗೂ ಹಾಗೇ ಬಿಡಿ. 87ನೇ ನಿಮಿಷದಲ್ಲಿ, ಪಂದ್ಯ ‘ಮುಗೀತು’ ಅಂತ ನಮ್ಮಿಬ್ಬರಲ್ಲಿ ಮೊದಲು ಎದ್ದವರು ಮಾಲೀಕರು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ‘ನಡಿ ಹೋಗಾಣ’ ಅಂದದ್ದು ಅವರೇ ಅಂತ, ಅವರ ಮಾತು ಧ್ವನಿಮುದ್ರಿಸಿದ ಮಧ್ಯಾಹ್ನ ಬರೆದುಕೊಂಡೂ ಇದ್ದೆ. ಅಲ್ಲಿಂದ ಹೊರಡಲು ನಾನು ಕೋಟು ಹಾಕಿಕೊಳ್ಳುವಾಗ ಅವರು ಬಾಗಿಲ ಚಿಲಕ ಹಿಡಿದುಕೊಂಡು ಹೇಳಿದರು: ‘ಅವತ್ತು ನಿನ್ನ ಮುಖ ನೋಡೋಕಾಗ್ಲಿಲ್ಲ ನಂಗೆ. ಅಳ್ತಾ ಇದ್ದೆ ನೀನು. ಅದಕ್ಕೇ ಕರ್ಕೊಂಡು ಎದ್ದೆ.’

ಅತ್ತ ನೆನಪು ನನಗಿಲ್ಲ. ಅವರ ಮಾತನ್ನು ಅವರ ಪುಟದಲ್ಲಿ, ನನ್ನದನ್ನು ನನ್ನ ಪುಟದಲ್ಲಿ ಹಾಗೇ ಇಟ್ಟಿದ್ದೇನೆ.