ಚಿತ್ರದುರ್ಗದ ಚಳಿಗೆ ಯಾವ ಉಣ್ಣೆ?

ವರ್ಗಾವಣೆಯಾಗಿ ಬರುವ ಕುಟುಂಬಗಳು ನಮ್ಮ ಸಂಘಕ್ಕೆ ಬಂದಾಗ ಬಾಡಿಗೆ ಮನೆ, ಶಾಲೆ, ನೀರು ಎಲ್ಲವನ್ನೂ ವಿಚಾರಿಸುತ್ತಾರೆ. ಚಳಿಯ ಮಾತು ಯಾರೂ ಎತ್ತುವುದಿಲ್ಲ. ಕೋಟೆಯೂರು ಎಂದರೆ ಬಂಡೆ, ಬಿಸಿಲು ಎಂದೇ ಎಲ್ಲರ ಎಣಿಕೆ. ಆದರೆ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವಷ್ಟು ಗಾಳಿ ಇಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹಾಲು ತರಲು ಹೊರಟವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಅದೇ ದಿನ ಮಧ್ಯಾಹ್ನ ಬೆವರು.

ದಿನಕ್ಕೆರಡು ಹವೆಯ ಇಂಥ ಊರಿಗೆ ದಪ್ಪ ಸ್ವೆಟರ್‌ಗಿಂತ ತೆಳುವಾದ ಮೆರಿನೊ ಉಣ್ಣೆಯ ಅಂಗಿ ಮೇಲು. ಮೆರಿನೊ ಎಂಬುದು ಸ್ಪೇನ್ ಮೂಲದ ಕುರಿತಳಿ. ಈಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೆಚ್ಚು. ಇದರ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ, ಮೆರಿನೊ ಎಳೆ ಬಾಗುತ್ತದೆ. ಉಣ್ಣೆ ಎಂದರೆ ನವೆ ಎಂದು ಅಳುವ ಮಕ್ಕಳಿಗೂ ಒಮ್ಮೆ ತೊಡಿಸಿ ನೋಡಿ.

ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ, ಆದರೂ ಮೈಗೆ ಹಸಿ ಎನಿಸುವುದಿಲ್ಲ. ಹತ್ತಿಯ ಬನಿಯನ್ ಬೆವರಿಗೆ ನೆನೆದು ಬೆನ್ನಿಗೆ ತಣ್ಣಗೆ ಅಂಟುತ್ತದಲ್ಲ, ಆ ಕಷ್ಟ ಇದರಲ್ಲಿಲ್ಲ. ಬೆವರಿನ ವಾಸನೆಯೂ ಬೇಗ ಹಿಡಿಯದ ಕಾರಣ ದಿನವೂ ಒಗೆಯಬೇಕಿಲ್ಲ. ರಾತ್ರಿ ಗಾಳಿಗೆ ಹರವಿದರೆ ಸಾಕು. ನೀರು ಎಣಿಸಿ ಬಳಸುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಕೊಳ್ಳುವಾಗ ಒಳಪಟ್ಟಿ ಓದಿ. ‘ಮೆರಿನೊ’ ಎಂದು ದೊಡ್ಡದಾಗಿ ಬರೆದು, ಒಳಗೆ ಅಕ್ರಿಲಿಕ್ ಎಂಬ ಕೃತಕ ನೂಲು ಹೆಚ್ಚು ಸೇರಿಸಿರುವುದುಂಟು. ಸಂಶಯವಿದ್ದರೆ ಹೊಲಿಗೆಯ ಒಳಗಿನಿಂದ ಒಂದೆರಡು ಎಳೆ ಕಿತ್ತು, ಬಟ್ಟೆಯಿಂದ ದೂರವಿಟ್ಟು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ.

ಬಟ್ಟೆ ಹಾಳಾಗುವುದು ಹೆಚ್ಚಾಗಿ ಒಗೆಯುವಾಗಲೇ. ಕಳೆದ ಚಳಿಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರು ಯಜಮಾನರ ಹೊಸ ಅಂಗಿಯನ್ನು ಬಿಸಿನೀರಿನಲ್ಲಿ ಮಷೀನಿಗೆ ಹಾಕಿದರು. ಹೊರಬಂದದ್ದು ಮಗನಿಗೂ ಬಿಗಿಯಾಯಿತು. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಹುರುಪೆಗಳಿವೆ. ಬಿಸಿ, ಉಜ್ಜಾಟ ಎರಡೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಆದ್ದರಿಂದ ತಣ್ಣೀರು, ಉಣ್ಣೆಗೆಂದೇ ಸಿಗುವ ದ್ರವ ಸಾಬೂನು, ಹಗುರ ಕೈ. ಕಲೆ ತೆಗೆಯುವ ಕಿಣ್ವ ಬೆರೆತ ಪುಡಿ ಬೇಡ, ಬ್ಲೀಚ್ ಬೇಡವೇ ಬೇಡ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರವಿ. ತಂತಿಗೆ ನೇತುಹಾಕಿದರೆ ಜೋಲುತ್ತದೆ. ಬೇಸಿಗೆಗೆ ಒಳಗಿಡುವ ಮುನ್ನ ಒಗೆದೇ ಇಡಿ, ಬೆವರು ಹತ್ತಿದ ಉಣ್ಣೆಗೆ ನುಸಿ ಬೇಗ ಬೀಳುತ್ತದೆ.

ಹೊದೆಯಲು ಮಾತ್ರ ಮೆರಿನೊ ಹುಡುಕಬೇಡಿ. ಇಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕಂಬಳಿಗೆ ಬಳಸುವ ದಖ್ಖನಿ ತಳಿಯ ಕುರಿಯ ಉಣ್ಣೆ ಒರಟು, ನಿಜ. ಒಳಗೊಂದು ಹತ್ತಿಯ ದುಪ್ಪಟಿ ಇರಲಿ. ಹೊಸ ಕಂಬಳಿ ಬಿರುಸಾಗಿದೆ ಎಂದು ಅಂಗಡಿಯಲ್ಲೇ ಬಿಟ್ಟುಬರಬೇಡಿ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಹೊದೆದಂತೆಲ್ಲ ಅದು ಮೆದುವಾಗುತ್ತದೆ.